ಮೇಲ್ ಗೇಟ್‌ವೇಯ ಖಾಲಿ ಗಂಟೆಗಳು

1990ರಲ್ಲಿ ನಾನು ಓದು ನಿಲ್ಲಿಸಿದೆ. ಎಸ್ಸೆಸ್ಸೆಲ್ಸಿ ಮುಗಿದಿತ್ತು, ಕಾಲೇಜಿನ ಅರ್ಜಿಯನ್ನೂ ತಂದಿಟ್ಟುಕೊಂಡಿದ್ದೆ, ತುಂಬಲಿಲ್ಲ. ಅಲ್ಲಿಂದಾಚೆಗೆ ಕಲಿತದ್ದೆಲ್ಲ ಕೈಯಾರೆ ಮಾಡಿ ಕಲಿತದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರುವ ತಪ್ಪಿಗೆ ಓದಿಲ್ಲದ್ದನ್ನು ನೆಪ ಮಾಡಿಕೊಳ್ಳುವ ಆಸೆ ನನಗೆ ಎಷ್ಟೋ ಸಲ ಆಗಿದೆ. ಓದಿಲ್ಲವೆಂಬುದು ಯಾರಿಗೂ ಗೊತ್ತಾಗಬಾರದು ಎಂಬ ಹಟವೇ ಆ ತಪ್ಪಿಗೆ ಕಾರಣವಾಗಿತ್ತು.

2006ರಲ್ಲಿ ಚಾಮರಾಜಪೇಟೆಯ ಒಂದು ಊದುಬತ್ತಿ ರಫ್ತು ಕಚೇರಿಯ ಕಂಪ್ಯೂಟರುಗಳನ್ನು ನಾನು ವರ್ಷದ ಕರಾರಿನ ಮೇಲೆ ನೋಡಿಕೊಳ್ಳುತ್ತಿದ್ದೆ. ಹಳೆಯ ಮನೆಯನ್ನೇ ಕಚೇರಿ ಮಾಡಿದ್ದರು. ಕೆಳಗೆ ಸ್ಯಾಂಪಲ್ಲುಗಳ ಉಗ್ರಾಣ, ಮೇಲೆ ಕಚೇರಿ. ಮೆಟ್ಟಿಲು ಹತ್ತುವಾಗಲೇ ಹಾಲ್ಮಡ್ಡಿಯ ವಾಸನೆ ಅಂಗಿಗೆ ಹತ್ತಿಕೊಳ್ಳುತ್ತಿತ್ತು. ಬಸ್ಸಿನಲ್ಲಿ ಪಕ್ಕ ಕೂತವರು ನನ್ನನ್ನು ಅರ್ಚಕರೆಂದುಕೊಂಡದ್ದೂ ಉಂಟು. ಹೊರದೇಶದ ಆರ್ಡರುಗಳೆಲ್ಲ ಬರುತ್ತಿದ್ದುದು ಇ-ಮೇಲಿನಲ್ಲಿ. ಅವನ್ನು ಓದಿ ಉತ್ತರ ಬರೆಯುವುದಕ್ಕೆಂದೇ ಐದು ಜನ ಹೆಂಗಸರ ಒಂದು ವಿಭಾಗವಿತ್ತು. ಅದಕ್ಕೆ ಮುಖ್ಯಸ್ಥೆ ಐವರಲ್ಲೇ ಹಿರಿಯರಾದ, ಐವತ್ತರ ಹತ್ತಿರದ ಒಬ್ಬ ಮೇಡಂ. ಟೆಲೆಕ್ಸ್ ಕಾಲದಿಂದ ಅಲ್ಲೇ ಇದ್ದವರು. ಐವರಲ್ಲಿ ಕಿರಿಯವಳು ಎನ್.ಆರ್. ಕಾಲೋನಿಯಿಂದ ಬರುತ್ತಿದ್ದ ಒಬ್ಬ ಹುಡುಗಿ. ಬಿ.ಕಾಂ. ಮುಗಿಸಿದ್ದಳು, ಬಾಯಿ ಜೋರು.

ಕಚೇರಿಗೆ ಬರುವ, ಕಚೇರಿಯಿಂದ ಹೋಗುವ ಎಲ್ಲ ಮೇಲೂ ಒಂದು ಪೆಟ್ಟಿಗೆಯ ಮೂಲಕ ಹಾಯ್ದು ಹೋಗಬೇಕಿತ್ತು. ಅದೇ ಮೇಲ್ ಗೇಟ್‌ವೇ. ಕಸದ ಮೇಲುಗಳನ್ನು, ವೈರಸ್ಸುಗಳನ್ನು ಬಾಗಿಲಲ್ಲೇ ತಡೆಯುವುದು ಅದರ ಕೆಲಸ. ಅದನ್ನು ಅಲ್ಲಿ ಕೂರಿಸಿದವನು ನಾನೇ. ಇಂಗ್ಲಿಷಿನ ಕೈಪಿಡಿಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿ, ಯಾರನ್ನೂ ಒಂದು ಮಾತು ಕೇಳದೆ ಕೂರಿಸಿದ್ದೆ. ಆ ಪೆಟ್ಟಿಗೆಯ ಮುಂದೆ ನಿಂತಾಗ ನನ್ನ ಎದೆ ಸ್ವಲ್ಪ ಉಬ್ಬುತ್ತಿತ್ತು ಎಂಬುದು ನಿಜ.

ಒಂದು ದಿನ ಚಿಕ್ಕ ಯಜಮಾನರು ಕರೆದರು. ಹಿರಿಯರು ಕಚೇರಿಗೆ ಬರುವುದನ್ನು ಬಿಟ್ಟ ಮೇಲೆ ವ್ಯವಹಾರವೆಲ್ಲ ಈ ಮಗನದೇ. ಸೋಮವಾರ ಇಡೀ ದಿನ ಕಚೇರಿಯಲ್ಲಿರುತ್ತಿದ್ದರು, ಉಳಿದ ದಿನ ಹೆಚ್ಚಾಗಿ ಫ್ಯಾಕ್ಟರಿಯಲ್ಲಿ.

"ನೋಡಿ, ಈ ಮೇಲ್ ಸೆಕ್ಷನ್ ಕೆಲಸ ಹೊರಗಡೆ ಒಂದು ಕಂಪನಿಗೆ ಕೊಡೋಣ ಅಂತಿದೀನಿ. ಹೊಸೂರು ರೋಡಲ್ಲಿದಾರೆ, ಇದೇ ಕೆಲಸ ಮಾಡೋರು. ಆದ್ರೆ ಸುಮ್ಸುಮ್ನೆ ಯಾರನ್ನೂ ತೆಗೆಯೋಕಾಗಲ್ಲ, ನಮ್ಮಪ್ಪ ಒಪ್ಪಲ್ಲ. ನಮ್ಮೋರು ಗಂಟೆಗೆ ಎಷ್ಟು ಮೇಲ್ ಕಳಿಸ್ತಾರೆ, ಅದು ಬೇಕು ನನಗೆ. ಸಿಗುತ್ತಾ?"

"ಸಿಗುತ್ತೆ ಸಾರ್," ಎಂದೆ. ಸಿಗುತ್ತದೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಅಭ್ಯಾಸ ನನಗಿರಲಿಲ್ಲ.

ಗೇಟ್‌ವೇಯನ್ನು ಬ್ರೌಸರಿನಲ್ಲಿ ತೆರೆದರೆ ಅಂಕಿ ಅಂಶದ ಒಂದು ಪುಟವಿತ್ತು. ಅದರಲ್ಲಿ ಬರುತ್ತಿದ್ದುದು ದಿನದ ಒಟ್ಟು ಲೆಕ್ಕ, ಅದೂ ಒಂದು ಚಿತ್ರವಾಗಿ. ಗಂಟೆಯ ಲೆಕ್ಕವಿಲ್ಲ, ಯಾವ ವಿಭಾಗದ್ದು ಎಂಬುದೂ ಇಲ್ಲ. ಗೇಟ್‌ವೇ ಕಂಪನಿಯವರು ಕೊಟ್ಟ ಸಿ.ಡಿ.ಯಲ್ಲಿ ಹುಡುಕಿದಾಗ ಒಂದು ಸಣ್ಣ ಟೂಲ್ ಸಿಕ್ಕಿತು. ಗೇಟ್‌ವೇಗೆ ಎ.ಪಿ.ಐ. ಎಂಬ ಇನ್ನೊಂದು ಬಾಗಿಲಿದೆ, ಮನುಷ್ಯರು ಪುಟ ತೆರೆದು ನೋಡುವುದರ ಬದಲು ಒಂದು ಪ್ರೋಗ್ರಾಮು ಆ ಬಾಗಿಲಿಗೆ ಹೋಗಿ ಪ್ರಶ್ನೆ ಕೇಳಿ ಉತ್ತರ ತರಬಹುದು, ಆ ಪ್ರೋಗ್ರಾಮೇ ಈ ಟೂಲು ಎಂದು ಕೈಪಿಡಿಯಲ್ಲಿತ್ತು. ಕಪ್ಪು ಪರದೆಯಲ್ಲಿ ಪೆಟ್ಟಿಗೆಯ ವಿಳಾಸ, ಬಳಕೆದಾರನ ಹೆಸರು, ಬೇಕಾದ ವರದಿಯ ಹೆಸರು ಟೈಪ್ ಮಾಡಿ, ಪಾಸ್‌ವರ್ಡ್ ಕೊಟ್ಟರೆ ಉತ್ತರ ಒಂದು ಫೈಲಾಗಿ ಬಂದು ಕೂರುತ್ತದೆ.

ಮೊದಲ ಸಲ, ಪೆಟ್ಟಿಗೆ ತನ್ನ ಗುರುತಿಗೆ ತೋರಿಸುವ ಪ್ರಮಾಣಪತ್ರ ನಂಬುವಂಥದ್ದಲ್ಲ ಎಂದು ಟೂಲು ನಿಂತುಬಿಟ್ಟಿತು. ಅದನ್ನು ನಂಬುವ ಪಟ್ಟಿಗೆ ಸೇರಿಸಿದೆ. ಆಮೇಲೆ, ನಿನಗೆ ಅನುಮತಿಯಿಲ್ಲ ಎಂದಿತು. ಅಡ್ಮಿನ್ ಹೆಸರಿನಲ್ಲೇ ಹೋಗಿದ್ದರೂ ಎ.ಪಿ.ಐ. ಬಾಗಿಲಿಗೆ ಬೇರೆ ಹಕ್ಕು ಬೇಕಿತ್ತು. ವರದಿ ಓದುವುದಕ್ಕಷ್ಟೇ ಹಕ್ಕಿರುವ ಹೊಸ ಬಳಕೆದಾರನನ್ನು ಮಾಡಿದೆ. ಆಗ ಅಂಕಿಗಳು ಬಂದವು. ಬಂದವು ಅಂದರೆ ಸಾವಿರಗಟ್ಟಲೆ. ಊದುಬತ್ತಿ ಕಚೇರಿಗೆ ಇಷ್ಟು ಮೇಲೇ ಎಂದು ಬೆಚ್ಚಿ ನೋಡಿದರೆ, ಬಾಗಿಲಲ್ಲೇ ತಡೆದು ಎಸೆದ ಕಸವೂ ಅದರಲ್ಲಿ ಸೇರಿತ್ತು. ಹೊರಹೋಗುವ ಮೇಲುಗಳನ್ನಷ್ಟೇ ಬೇರೆ ಮಾಡಿದೆ. ಒಂದೇ ಮೇಲನ್ನು ಆರು ಜನರಿಗೆ ಕಳಿಸಿದರೆ ಆರು ಎಂದು ಎಣಿಸುತ್ತಿತ್ತು. ಅದನ್ನೂ ಸರಿಮಾಡಿದೆ. ಕೊನೆಗೆ ಆ ಐದು ವಿಳಾಸಗಳದ್ದು ಮಾತ್ರ ಬರುವ ಹಾಗೆ ಆಯಿತು. ಇದಿಷ್ಟಕ್ಕೆ ಒಂದು ವಾರವೇ ಹಿಡಿಯಿತು. ಆ ವಾರ ನಾನು ಬಹಳ ಸುಖವಾಗಿದ್ದೆ.

ಉಳಿದದ್ದು ಒಂದು ತೊಡಕು. ಟೂಲು ಕೊಡುತ್ತಿದ್ದುದು ಕೇಳಿದ ಹೊತ್ತಿಗೆ ಹಿಂದಿನ ಒಂದು ಗಂಟೆಯ ಲೆಕ್ಕ ಮಾತ್ರ. ನಿನ್ನೆಯದು ಕೇಳುವುದು ಹೇಗೆಂದು ಕೈಪಿಡಿಯ ಉದಾಹರಣೆಗಳಲ್ಲಿ ಇರಲಿಲ್ಲ. ಗೇಟ್‌ವೇ ಕಂಪನಿಯವರಿಗೆ ಫೋನ್ ಮಾಡಿ ಕೇಳಬಹುದಿತ್ತು, ನಂಬರು ಪೆಟ್ಟಿಗೆಯ ಮೇಲೇ ಇತ್ತು. ಆದರೆ ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆ, ನಾನು ತಡವರಿಸುತ್ತೇನೆ, ನಿಮ್ಮ ಕ್ವಾಲಿಫಿಕೇಷನ್ ಏನು ಎಂದು ಯಾರಾದರೂ ಕೇಳಿಬಿಡುತ್ತಾರೆ ಎಂಬುದೊಂದು ಭಯ. ಮಾಡಲಿಲ್ಲ. ಗಂಟೆಗೊಂದು ಸಲ ಟೂಲನ್ನು ಓಡಿಸಿದರಾಯಿತು ಎಂದುಕೊಂಡೆ. ಅದು ತಾನಾಗಿ ಓಡುವ ಹಾಗೆ ಮಾಡಲು ಪಾಸ್‌ವರ್ಡನ್ನು ಒಂದು ಫೈಲಿನಲ್ಲಿ ಬರೆದಿಡಬೇಕಿತ್ತು. ಯಜಮಾನರು ಅದಕ್ಕೆ ಒಪ್ಪಲಿಲ್ಲ. ಸರಿ, ನಾನೇ ಕೂತು ಓಡಿಸುತ್ತೇನೆ ಎಂದೆ.

ಹೀಗೆ ಒಂದು ತಿಂಗಳು ಮೇಲ್ ವಿಭಾಗದ ಮೂಲೆಯಲ್ಲೇ ಒಂದು ಮೇಜು ಹಾಕಿಕೊಂಡು ಕೂತೆ. ಬೇರೆ ಕಚೇರಿಗಳ ಕೆಲಸವನ್ನು ಬೆಳಗ್ಗೆ, ಸಂಜೆ ಮುಗಿಸಿಕೊಳ್ಳುತ್ತಿದ್ದೆ. ಹತ್ತರಿಂದ ಆರರವರೆಗೆ, ಗಂಟೆ ಹೊಡೆದಾಗ ಕಪ್ಪು ಪರದೆ ತೆಗೆದು ಟೈಪ್ ಮಾಡುವುದು, ಫೈಲು ಬಂತೇ ಎಂದು ನೋಡುವುದು. ನಡುನಡುವೆ ಕೆಳಗೆ ಹೋಗಿ ಕಾಫಿ ಕುಡಿದು, ಎದುರಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ.

ಎನ್.ಆರ್. ಕಾಲೋನಿಯ ಹುಡುಗಿ ಮೊದಲ ದಿನವೇ ಕೇಳಿದಳು. "ಅಂಕಲ್, ಏನದು ಕಪ್ಪು ಸ್ಕ್ರೀನು? ನಮ್ ಜಾತಕ ಬರುತ್ತಾ ಅದ್ರಲ್ಲಿ?"

ನನಗಾಗ ಮೂವತ್ತೆರಡು. ಅಂಕಲ್ ಎಂದದ್ದು ಚುಚ್ಚಿತು. "ಕೆಲಸ ಮಾಡಿದ್ರೆ ಒಳ್ಳೆ ಜಾತಕ ಬರುತ್ತೆ," ಎಂದೆ.

"ಹಾಗಾದ್ರೆ ನನಗೆ ಗಜಕೇಸರಿ ಯೋಗ ಇದೆ ಬಿಡಿ. ಮೇಡಂ, ಅಂಕಲ್‌ಗೆ ದಕ್ಷಿಣೆ ಕೊಡ್ಬೇಕಂತೆ!"

ಎಲ್ಲರೂ ನಕ್ಕರು. ಮೇಡಂ ಕನ್ನಡಕದ ಮೇಲಿಂದ ನೋಡಿ, "ಸಾಕು ಬಾರೇ, ಜರ್ಮನಿಯವನು ಕಾಯ್ತಿದಾನೆ," ಎಂದರು. ನಾನು ಅಲ್ಲಿ ಕೂತಿರುವುದು ಏಕೆಂದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವರು ತಂದುಕೊಟ್ಟ ಕೋಡುಬಳೆಯನ್ನು ತಿನ್ನುತ್ತಲೇ ಅವರ ಮೇಲುಗಳನ್ನು ಎಣಿಸುತ್ತಿದ್ದೆ.

ತಿಂಗಳು ಮುಗಿದ ಮೇಲೆ ಫೈಲುಗಳನ್ನು ಒಟ್ಟುಹಾಕಿ ಎಕ್ಸೆಲ್ಲಿಗೆ ತುಂಬಿದೆ. ಪ್ರತಿ ಫೈಲಿನ ಹೆಸರಿನಲ್ಲೇ ದಿನ, ಗಂಟೆ ಇರುತ್ತಿತ್ತು. ಕೆಲವು ಗಂಟೆಗಳ ಫೈಲು ಇರಲಿಲ್ಲ. ಅದರ ಅರ್ಥ ನನಗೆ ಗೊತ್ತಿದೆ ಎಂದುಕೊಂಡೆ. ಶುರುವಿನಲ್ಲಿ ಒಂದು ಭಾನುವಾರ, ಕಚೇರಿ ಮುಚ್ಚಿದ್ದಾಗ, ಟೂಲನ್ನು ಪರೀಕ್ಷೆಗೆಂದು ಓಡಿಸಿದ್ದೆ. ಮೇಲೇ ಇಲ್ಲದಿದ್ದರೆ ಅದು ಸೊನ್ನೆ ಎಂದು ಬರೆಯುತ್ತಿರಲಿಲ್ಲ, ಫೈಲನ್ನೇ ಮಾಡುತ್ತಿರಲಿಲ್ಲ. ಆದ್ದರಿಂದ ಫೈಲು ಇಲ್ಲವೆಂದರೆ ಆ ಗಂಟೆ ಮೇಲೇ ಹೋಗಿಲ್ಲ. ಖಾಲಿ ಬಿಟ್ಟ ಜಾಗಗಳನ್ನು ಎಕ್ಸೆಲ್ಲು ಕೂಡ ಸೊನ್ನೆಯೆಂದೇ ತಿಳಿದು ಗ್ರಾಫಿನ ಗೆರೆಯನ್ನು ನೆಲಕ್ಕೆ ಇಳಿಸಿತು.

ಗ್ರಾಫು ನೋಡಿ ನಾನೇ ದಂಗಾದೆ. ವಾರದಲ್ಲಿ ಐದು ದಿನ ಒಂದೊಂದು ಗುಂಡಿ. ಮಂಗಳವಾರ ಮಧ್ಯಾಹ್ನ ಎರಡರಿಂದ ನಾಲ್ಕು. ಬುಧವಾರ ಹನ್ನೊಂದರಿಂದ ಒಂದು. ಗುರುವಾರ ಒಂದರಿಂದ ಎರಡು. ಶುಕ್ರವಾರ ಹತ್ತರಿಂದ ಹನ್ನೊಂದು. ಶನಿವಾರ ಬೆಳಗ್ಗೆ ಕಚೇರಿ ತೆರೆದ ಕೂಡಲೇ, ಒಂಬತ್ತರಿಂದ ಹತ್ತು. ನಾಲ್ಕು ವಾರವೂ ಹೀಗೇ, ಒಂದಿಷ್ಟೂ ಹೆಚ್ಚು ಕಡಿಮೆಯಿಲ್ಲ. ಸೋಮವಾರ ಮಾತ್ರ ಗುಂಡಿಯೇ ಇಲ್ಲ.

ಶನಿವಾರ ಸಂಜೆ ಯಜಮಾನರು ಎಲ್ಲರನ್ನೂ ಕೂಡಿಸಿ ಆ ಗ್ರಾಫನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಲು ಹೇಳಿದರು. ವಿವರಿಸಿದವನು ನಾನು. ಒಳ್ಳೆಯ ಅಂಗಿ ಹಾಕಿಕೊಂಡು ಹೋಗಿದ್ದೆ. ಎ.ಪಿ.ಐ. ಎಂದರೇನು, ಟೂಲು ಹೇಗೆ ಕೇಳುತ್ತದೆ, ಕಸದ ಮೇಲನ್ನು ಹೇಗೆ ಬೇರೆ ಮಾಡಿದೆ ಎಂಬುದನ್ನೆಲ್ಲ ಹೇಳಿದೆ. ಇಂಗ್ಲಿಷ್ ಪದಗಳನ್ನು ಬೇಕೆಂದೇ ಜಾಸ್ತಿ ಬಳಸಿದೆ.

"ಸೋಮವಾರ ನಾನಿರ್ತೀನಿ, ಸೋಮವಾರ ಕೆಲಸ ನಡೆಯುತ್ತೆ," ಎಂದರು ಯಜಮಾನರು. "ಬೇರೆ ದಿನ ಒಂದೊಂದು ಹೊತ್ತು ಅಂತ ಹಂಚ್ಕೊಂಡಿದೀರಾ? ಮಂಗಳವಾರ ಎರಡು ಗಂಟೆ ಐದೂ ಜನ ಎಲ್ಲಿಗೆ ಹೋಗ್ತೀರಿ ಮೇಡಂ?"

"ಎಲ್ಲೂ ಹೋಗಲ್ಲ ಸಾರ್. ಇಲ್ಲೇ ಇರ್ತೀವಿ."

"ಇದು ನಾನು ಹೇಳ್ತಿರೋದಲ್ಲ. ಮೆಷಿನ್ ಹೇಳ್ತಿರೋದು."

ಮೇಡಂ ನನ್ನ ಕಡೆ ತಿರುಗಿದರು. "ನೀವು ಅಲ್ಲೇ ಕೂತಿದ್ರಲ್ಲ. ನಾವು ಕೆಲಸ ಮಾಡ್ತಿದ್ದದ್ದು ನೀವೇ ನೋಡಿಲ್ವಾ?"

ನೋಡಿದ್ದೆ. ಅವರು ಕೂತು ಟೈಪ್ ಮಾಡುವುದನ್ನು ದಿನವೂ ನೋಡಿದ್ದೆ. ಆದರೂ, "ಟೈಪ್ ಮಾಡೋದು ಬೇರೆ, ಮೇಲ್ ಹೋಗೋದು ಬೇರೆ ಮೇಡಂ. ಗೇಟ್‌ವೇಲಿ ದಾಖಲಾಗ್ಬೇಕಲ್ಲ," ಎಂದೆ. ಕಣ್ಣಲ್ಲಿ ಕಂಡದ್ದಕ್ಕಿಂತ ನಾನು ಕಷ್ಟಪಟ್ಟು ತಂದ ಅಂಕಿ ನನಗೆ ದೊಡ್ಡದಾಗಿತ್ತು. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಹುಡುಗಿ ಎದ್ದು ನಿಂತಳು. "ಸಾರ್, ಇವರ ಲೆಕ್ಕ ತಪ್ಪು. ಮಂಗಳವಾರ ಮಧ್ಯಾಹ್ನ ನಾನು ತಲೆ ಎತ್ತೋಕೂ ಟೈಮ್ ಇರಲ್ಲ."

"ಲೆಕ್ಕ ತಪ್ಪೋಕೆ ಇದು ಕೈಲಿ ಬರೆದದ್ದಲ್ಲಮ್ಮ," ಎಂದೆ ನಾನು. ಅವಳ ಕಣ್ಣಲ್ಲಿ ನೀರು ತುಂಬಿತು.

ಸೋಮವಾರ ಅವಳು ಕೆಲಸಕ್ಕೆ ಬರಲಿಲ್ಲ. ಬದಲಿಗೆ ಅವಳ ತಂದೆ ಬಂದು ಅವಳ ಛತ್ರಿ, ಟಿಫನ್ ಡಬ್ಬಿ ತೆಗೆದುಕೊಂಡು ಹೋದರು. ಆಫೀಸಿಗೆ ಬಂದು ಸುತ್ತಾಡುತ್ತಾಳೆ ಅನ್ನಿಸಿಕೊಳ್ಳುವ ಕಡೆಗೆ ಮಗಳನ್ನು ಕಳಿಸುವುದಿಲ್ಲ ಎಂದು ಮೇಡಂಗೆ ಹೇಳಿದರಂತೆ. ಉಳಿದ ನಾಲ್ವರಿಗೆ ಕೆಲಸ ತಿಂಗಳ ಕೊನೆಯವರೆಗೆ ಮಾತ್ರ ಎಂದು ಯಜಮಾನರು ತಿಳಿಸಿಬಿಟ್ಟಿದ್ದರು. ಅವರು ಬಂದು ಕೆಲಸ ಮಾಡಿ ಹೋಗುತ್ತಿದ್ದರು. ನನ್ನೊಂದಿಗೆ ಯಾರೂ ಮಾತಾಡುತ್ತಿರಲಿಲ್ಲ. ಸತ್ಯ ಹೇಳಿದವನಿಗೆ ಇದೆಲ್ಲ ಇದ್ದದ್ದೇ ಎಂದುಕೊಂಡು ನಾನೂ ಸೆಟೆದುಕೊಂಡೇ ಇದ್ದೆ.

ಗುರುವಾರ ಹೊರಗಿನ ಕಂಪನಿಯವರಿಬ್ಬರು ಒಪ್ಪಂದಕ್ಕೆ ಸಹಿ ಹಾಕಲು ಬಂದರು. ಅವರಿಗೂ ಗ್ರಾಫು ತೋರಿಸಬೇಕೆಂದು ನನ್ನನ್ನು ಯಜಮಾನರ ಗಾಜಿನ ಕೋಣೆಯಲ್ಲಿ ಕೂರಿಸಿದ್ದರು. ಎಲ್ಲ ಮಾತು ಮುಗಿದು ಯಜಮಾನರು ಪೆನ್ನಿನ ಕ್ಯಾಪು ತೆಗೆದಾಗ, ಹಿರಿಯರ ಕಾಲದಿಂದ ಇದ್ದ ಅಕೌಂಟೆಂಟ್ ಬಾಗಿಲಲ್ಲಿ ಇಣುಕಿದರು.

"ಸ್ವಾಮಿ, ಒಂದೂವರೆ ಆಯ್ತು. ಗುರುವಾರ. ಮೂರು ಗಂಟೆವರೆಗೂ ರಾಹುಕಾಲ. ಅಪ್ಪಾಜಿ ಕೇಳಿದ್ರೆ ನನ್ನ ಬೈತಾರೆ. ಊಟ ಮಾಡ್ಕೊಂಡು ಬಂದು ಹಾಕ್ಬಿಡಿ."

ಯಜಮಾನರು ನಕ್ಕು ಪೆನ್ನು ಮುಚ್ಚಿದರು. "ಸರಿ, ಮೂರಕ್ಕೆ ಕೂತ್ಕೊಳ್ಳೋಣ."

ಎಲ್ಲರೂ ಎದ್ದರು. ನನಗೆ ಏಳಲಾಗಲಿಲ್ಲ. ಗೋಡೆಯ ಮೇಲೆ ಗ್ರಾಫು ಹಾಗೇ ಇತ್ತು. ಗುರುವಾರದ ಗುಂಡಿ ಒಂದರಿಂದ ಎರಡು. ಅಂದರೆ ಎರಡು ಗಂಟೆಗೆ ಸರಿಯಾಗಿ ತೆಗೆಯಬೇಕಾದ ಫೈಲು. ಎರಡು ಗಂಟೆ ಎಂದರೆ ರಾಹುಕಾಲದ ನಟ್ಟನಡುವೆ. ಮಂಗಳವಾರದ ರಾಹುಕಾಲ ಮೂರರಿಂದ ನಾಲ್ಕೂವರೆ. ಇಲ್ಲದ್ದು ಮೂರು ಮತ್ತು ನಾಲ್ಕು ಗಂಟೆಗೆ ತೆಗೆಯಬೇಕಾದ ಫೈಲುಗಳು. ಬುಧವಾರ ಹನ್ನೆರಡರಿಂದ ಒಂದೂವರೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಶನಿವಾರ ಒಂಬತ್ತರಿಂದ ಹತ್ತೂವರೆ. ಸೋಮವಾರದ್ದು ಏಳೂವರೆಯಿಂದ ಒಂಬತ್ತು, ಕಚೇರಿ ತೆರೆಯುವ ಮೊದಲೇ ಮುಗಿದಿರುತ್ತದೆ. ಅದಕ್ಕೇ ಸೋಮವಾರ ಗುಂಡಿಯಿಲ್ಲ.

ಆ ಹೊತ್ತುಗಳಲ್ಲಿ ಅವರು ಎಲ್ಲಿಗೂ ಹೋಗಿರಲಿಲ್ಲ. ಹೋಗಿದ್ದವನು ನಾನು. ಕೆಳಗೆ, ಕಾಫಿಗೆ, ಎದುರಿನ ಕಟ್ಟೆಗೆ.

ನಾನು ಕೆಲಸಕ್ಕೆ ಸೇರಿದ ಮೊದಲ ಜಾಗ ಉಪ್ಪಾರಪೇಟೆಯ ಒಂದು ರೇಡಿಯೋ ರಿಪೇರಿ ಅಂಗಡಿ. ಅಲ್ಲಿಯ ಮೇಸ್ತ್ರಿ ರಾಹುಕಾಲದಲ್ಲಿ ಹೊಸ ರೇಡಿಯೋ ಬಿಚ್ಚಲು ಬಿಡುತ್ತಿರಲಿಲ್ಲ. ಗೋಡೆಯ ಕ್ಯಾಲೆಂಡರು ನೋಡಿ, "ಏಳೋ, ಟೀ ಕುಡ್ಕೊಂಡ್ ಬರೋಣ," ಎನ್ನುತ್ತಿದ್ದರು. ವರ್ಷಗಟ್ಟಲೆ ಹಾಗೆ ಎದ್ದು ಎದ್ದು ಅದು ಮೈಗೇ ಹತ್ತಿತ್ತು. ಹೊತ್ತಿಗೆ ಸರಿಯಾಗಿ ಹಸಿವಾದ ಹಾಗೆ, ಆ ಹೊತ್ತಿಗೆ ನನ್ನ ಕೈ ಕೀಬೋರ್ಡಿನಿಂದ ತಾನಾಗಿ ಏಳುತ್ತಿತ್ತು. ನಡೆಯುತ್ತಿರುವ ಕೆಲಸವನ್ನು ಬಿಡುತ್ತಿರಲಿಲ್ಲ. ಆದರೆ ಟೂಲನ್ನು ಓಡಿಸುವುದೆಂದರೆ ಪ್ರತಿ ಸಲವೂ ಹೊಸದಾಗಿ ಕಪ್ಪು ಪರದೆ ತೆರೆದು ಹೊಸದಾಗಿ ಶುರುಮಾಡುವುದು. ನನ್ನ ಕೈ ಅದನ್ನು ಹೊಸ ಕೆಲಸವೆಂದು ಎಣಿಸಿತ್ತು. ನನಗೆ ಹೇಳಿರಲಿಲ್ಲ.

ಸುಮ್ಮನಿದ್ದರೆ ಮೂರು ಗಂಟೆಗೆ ಸಹಿಯಾಗುತ್ತಿತ್ತು, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಆ ಹೊರಗಿನ ಕಂಪನಿಯ ಕಂಪ್ಯೂಟರುಗಳ ಕೆಲಸವನ್ನೂ ನನಗೇ ಕೊಡಿಸುವ ಮಾತು ಅಂದು ಬೆಳಗ್ಗೆಯೇ ಬಂದಿತ್ತು. ನಾನು ಕೂತ ಕುರ್ಚಿಯಿಂದ ಗಾಜಿನಾಚೆ ಮೇಲ್ ವಿಭಾಗ ಕಾಣುತ್ತಿತ್ತು. ಮೇಡಂ ಒಂದು ಕೈಯಲ್ಲಿ ಚಪಾತಿಯ ಸುರುಳಿ ಹಿಡಿದು ಇನ್ನೊಂದು ಕೈಯಲ್ಲಿ ಟೈಪ್ ಮಾಡುತ್ತಿದ್ದರು. ಯುರೋಪಿನವರು ಅಂಗಡಿ ತೆರೆಯುವ ಹೊತ್ತು ಅದು. ಅವರಿಗೆ ಕೆಲಸ ಹೆಚ್ಚಿರುವುದೇ ಆಗ.

ಎದ್ದು ಹೋಗಿ ನನ್ನ ಮೂಲೆಯ ಮೇಜಿನಲ್ಲಿ ಕೂತೆ. ಎರಡು ಹೊಡೆಯಿತು. ಕಪ್ಪು ಪರದೆ ತೆರೆದು ವಿಳಾಸ, ಹೆಸರು, ವರದಿ ಎಲ್ಲ ಟೈಪ್ ಮಾಡಿದೆ. ಎಂಟರ್ ಒತ್ತುವ ಮೊದಲು ಬೆರಳು ನಿಂತಿತು. ನಗು ಬರಬೇಕಿತ್ತು, ಬರಲಿಲ್ಲ. ಒತ್ತಿದೆ. ಫೈಲು ಬಂತು. ಹಿಂದಿನ ಒಂದು ಗಂಟೆಯಲ್ಲಿ ನಾಲ್ಕು ಜನ ಕಳಿಸಿದ್ದು ನಲವತ್ತಕ್ಕೂ ಹೆಚ್ಚು ಮೇಲು.

ಆದರೆ ಇದು ಒಂದು ದಿನದ ಒಂದು ಗಂಟೆ. ಯಜಮಾನರು ನಂಬಬೇಕಾದರೆ ಹೋದ ತಿಂಗಳದ್ದು ಬೇಕು. ಪೆಟ್ಟಿಗೆಯ ಮೇಲಿನ ನಂಬರಿಗೆ ಫೋನ್ ಮಾಡದೆ ಬೇರೆ ದಾರಿಯಿರಲಿಲ್ಲ. ಮೆಟ್ಟಿಲ ಮೇಲೆ ಕೂತು ಮಾಡಿದೆ.

"ಸಾರ್, ಐ ಆಮ್ ಕಾಲಿಂಗ್ ಫ್ರಂ ಬ್ಯಾಂಗಳೂರ್. ಯುವರ್ ಟೂಲ್… ಲಾಸ್ಟ್ ಮಂತ್… ಅವರ್ಲಿ… ಹೌ ಟು…" ಮುಂದೆ ಪದ ಸಿಗಲಿಲ್ಲ.

ಆ ಕಡೆಯ ದನಿ ಕನ್ನಡಕ್ಕೆ ತಿರುಗಿತು. "ಸಾರ್, ಕನ್ನಡದಲ್ಲೇ ಹೇಳಿ ಪರವಾಗಿಲ್ಲ. ನಾನೂ ಮಲ್ಲೇಶ್ವರದವನೇ."

ಅಷ್ಟು ದಿನ ಹೆದರಿದ್ದು ಈ ದನಿಗೆ. ವಿಷಯ ಹೇಳಿದೆ, ರಾಹುಕಾಲದ ಮಾತೊಂದನ್ನು ಬಿಟ್ಟು. ಅವನು ಹೇಳಿದ್ದು ಇಷ್ಟೇ: ಅದೇ ಸಾಲಿನ ಕೊನೆಗೆ ಯಾವ ದಿನದಿಂದ ಯಾವ ದಿನದವರೆಗೆ ಎಂದು ಸೇರಿಸಿದರೆ ಸಾಕು, ಗೇಟ್‌ವೇ ಮೂರು ತಿಂಗಳ ಲೆಕ್ಕವನ್ನು ಗಂಟೆಗಂಟೆಯಾಗಿ ಇಟ್ಟುಕೊಂಡಿರುತ್ತದೆ. "ಮ್ಯಾನ್ಯುಯಲ್‌ನಲ್ಲಿ ಉದಾಹರಣೆ ಮುಗಿದ ಮೇಲಿನ ಪುಟದಲ್ಲೇ ಇದೆ ಸಾರ್. ಬಹಳ ಜನ ಅಲ್ಲೀತನಕ ಓದಲ್ಲ."

ಅಲ್ಲೀತನಕ ಓದದವರಲ್ಲಿ ನಾನೂ ಒಬ್ಬ.

ಸೇರಿಸಿ ಓಡಿಸಿದೆ. ಒಂದೇ ಫೈಲು, ಇಡೀ ತಿಂಗಳು. ಎಲ್ಲಿಯೂ ಗುಂಡಿಯಿಲ್ಲ. ಮಂಗಳವಾರ ಎರಡರಿಂದ ನಾಲ್ಕು ಗಂಟೆ ಇಡೀ ವಾರದಲ್ಲೇ ಹೆಚ್ಚು ಮೇಲು ಹೋದ ಹೊತ್ತು. ಅದರಲ್ಲೂ ಎಲ್ಲರಿಗಿಂತ ಹೆಚ್ಚು ಕಳಿಸಿದವಳು ಆ ಹುಡುಗಿ. ತಲೆ ಎತ್ತೋಕೂ ಟೈಮ್ ಇರಲ್ಲ ಎಂದಿದ್ದಳಲ್ಲ.

ಮೂರಕ್ಕೆ ಸ್ವಲ್ಪ ಮೊದಲು ಗಾಜಿನ ಕೋಣೆಗೆ ಹೋದೆ. ಯಜಮಾನರು, ಹೊರಗಿನ ಕಂಪನಿಯ ಇಬ್ಬರು, ಅಕೌಂಟೆಂಟ್ ಆಗಲೇ ಕೂತಿದ್ದರು.

"ಸಾರ್, ಒಂದ್ನಿಮಿಷ ಹೊರಗೆ ಬರ್ತೀರಾ?"

"ಇಲ್ಲೇ ಹೇಳಿ, ಇವರೆಲ್ಲ ನಮ್ಮೋರೇ."

ಹೇಳಿದೆ. ನಿಂತುಕೊಂಡೇ ಹೇಳಿದೆ. ಫೈಲು ಇಲ್ಲದ್ದು ಮೇಲು ಇಲ್ಲವೆಂದಲ್ಲ, ನಾನು ತೆಗೆಯಲಿಲ್ಲವೆಂದು. ಯಾಕೆ ತೆಗೆಯಲಿಲ್ಲ ಎಂದು ಅವರು ಕೇಳಿದರು. ಅದನ್ನೂ ಹೇಳಬೇಕಾಯಿತು.

"ರಾಹುಕಾಲ?" ಯಜಮಾನರಿಗೆ ಮೊದಲು ಅರ್ಥವಾಗಲಿಲ್ಲ. "ಮೆಷಿನ್‌ಗೆ ರಾಹುಕಾಲ ನೋಡ್ತಿದ್ರಾ ನೀವು?"

ಹೊರಗಿನವರಲ್ಲಿ ಒಬ್ಬ ಬಾಯಿಗೆ ಕೈ ಅಡ್ಡ ಹಿಡಿದ. ಇನ್ನೊಬ್ಬ ಅಷ್ಟೂ ಮಾಡಲಿಲ್ಲ, ನೇರವಾಗಿಯೇ ನಕ್ಕ.

ಅಕೌಂಟೆಂಟ್ ನಗಲಿಲ್ಲ. "ಅಲ್ಲಪ್ಪ, ನಾನೂ ನೋಡ್ತೀನಿ. ಹೊಸದು ಶುರು ಮಾಡೋಕಷ್ಟೇ ಅದು. ಒಂದ್ ತಿಂಗಳಿಂದ ನಡೀತಿರೋ ಕೆಲಸಕ್ಕೆ ಎಲ್ಲಿ ಬಂತು ರಾಹುಕಾಲ?" ಎಂದು ಕೇಳಿದರು. ಬೈದಿದ್ದರೆ ಚೆನ್ನಾಗಿತ್ತು. ಅವರು ನಿಜವಾಗಿಯೂ ತಿಳಿಯದೆ ಕೇಳಿದ್ದರು.

ಯಜಮಾನರು ಹೊಸ ಫೈಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಒಪ್ಪಂದದ ಕಾಗದವನ್ನು ಮಡಚಿ, ಆ ಇಬ್ಬರಿಗೆ ಇನ್ನೊಮ್ಮೆ ಫೋನ್ ಮಾಡುತ್ತೇನೆ ಎಂದರು. ಅವರು ಹೋದ ಮೇಲೆ ನನ್ನ ಮುಖ ನೋಡದೆಯೇ, "ನಮ್ಮಪ್ಪಂಗೆ ಏನ್ ಹೇಳ್ಲಿ ನಾನು? ಹದಿನೆಂಟು ವರ್ಷದ ಸ್ಟಾಫ್‌ಗೆ ಅವತ್ತು ಎಲ್ರ ಮುಂದೆ ಏನಂದೆ ಗೊತ್ತಾ?" ಎಂದರು.

ಸಂಜೆ ಯಜಮಾನರು ಮೇಡಂಗೆ, ಕೆಲಸ ಎಲ್ಲೂ ಹೋಗುವುದಿಲ್ಲ, ಲೆಕ್ಕದಲ್ಲಿ ಏನೋ ತಪ್ಪಾಗಿತ್ತು ಎಂದಷ್ಟೇ ಹೇಳಿದರು. ನಾನು ಮೇಡಂ ಮೇಜಿನ ಹತ್ತಿರ ಹೋಗಿ ನಿಂತೆ. ಮಾತು ಹೊರಡುವ ಮೊದಲೇ ಅವರು ಕೈ ತೋರಿಸಿ ನಿಲ್ಲಿಸಿದರು.

"ನನ್ನೊಬ್ಬಳಿಗೆ ಹೇಳ್ಬೇಡಿ. ಗ್ರಾಫ್ ಹಾಕಿದ್ದು ಗೋಡೆ ಮೇಲೆ ತಾನೇ? ಅಲ್ಲೇ ಹಾಕಿ ಹೇಳಿ. ಏನಾಯ್ತು ಅಂತ ಪೂರ್ತಿ ಹೇಳಿ. 'ಲೆಕ್ಕದಲ್ಲಿ ಏನೋ' ಅನ್ಬೇಡಿ."

ಶನಿವಾರ ಸಂಜೆ ಮತ್ತೆ ಎಲ್ಲರೂ ಕೂತರು. ಎರಡು ಗ್ರಾಫನ್ನೂ ಪಕ್ಕಪಕ್ಕದಲ್ಲಿ ಹಾಕಿದೆ. ಈ ಸಲ ಇಂಗ್ಲಿಷ್ ಪದಗಳು ಬೇಕಾಗಲಿಲ್ಲ. ಒಂದೊಂದು ಗುಂಡಿಯನ್ನೂ ತೋರಿಸಿ, ಆ ಹೊತ್ತು ನಾನು ಎಲ್ಲಿದ್ದೆ ಎಂದು ಹೇಳಿದೆ. ಉಗ್ರಾಣದ ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ, "ಗುರುವೇ, ಯಮಗಂಡಕಾಲಕ್ಕೂ ಒಂದ್ ಕಾಫಿ ಕುಡೀಬಹುದಿತ್ತಲ್ಲ!" ಎಂದ. ಮೇಲ್ ವಿಭಾಗದ ಮೂವರು ತಲೆ ತಗ್ಗಿಸಿ ಕೂತಿದ್ದರು, ಮೇಡಂ ತಗ್ಗಿಸಿರಲಿಲ್ಲ. ಮುಗಿದ ಮೇಲೆ ನಾನು ಕೈಮುಗಿದೆ. ಮೇಡಂ, "ಆಯ್ತು," ಎಂದರು. ಅಷ್ಟೇ. ಎದ್ದು ಬ್ಯಾಗು ತೆಗೆದುಕೊಂಡು ಬಸ್ಸಿಗೆ ಹೋದರು.

ಮರುದಿನ ಎನ್.ಆರ್. ಕಾಲೋನಿಗೆ ಹೋದೆ. ವಿಳಾಸವನ್ನು ಅಕೌಂಟೆಂಟ್ ಕೊಟ್ಟಿದ್ದರು. ಹುಡುಗಿಯ ತಂದೆ ಗೇಟಿನ ಒಳಗೆ ಗಿಡಗಳಿಗೆ ನೀರು ಹಾಕುತ್ತಿದ್ದರು. ಕೊಳವೆ ಕೆಳಗಿಡದೆಯೇ ನನ್ನನ್ನು ನೋಡಿದರು.

"ಕಂಪ್ಯೂಟರ್‌ನವರು ಅಲ್ವಾ?"

"ಹೌದು ಸಾರ್. ಮಗಳನ್ನ ಒಂದು ಸಲ ನೋಡ್ಬೇಕಿತ್ತು."

"ಅವಳು ಊರಲ್ಲಿಲ್ಲ. ಅವಳ ಸೋದರತ್ತೆ ಮನೆಗೆ ಕಳಿಸಿದೀನಿ. ಅಲ್ಲೇ ಏನೋ ಕೆಲಸ ಹುಡುಕ್ತಿದಾಳೆ."

"ಕೆಲಸ ಇಲ್ಲೇ ಇದೆ ಸಾರ್, ಯಜಮಾನರು ಬರ್ಲಿ ಅಂದಿದಾರೆ. ತಪ್ಪು ನನ್ನದು ಅಂತ ಮಗಳಿಗೆ ತಿಳಿಸ್ತೀರಾ?"

ಅವರು ನೀರನ್ನು ಇನ್ನೊಂದು ಕುಂಡಕ್ಕೆ ತಿರುಗಿಸಿದರು. "ಅದು ಅವಳಿಗೆ ಮೊದಲೇ ಗೊತ್ತಿತ್ತಲ್ರೀ. ಗೊತ್ತಿಲ್ಲದೇ ಇದ್ದದ್ದು ನಿಮಗೆ."

ಗೇಟು ತೆಗೆಯಲಿಲ್ಲ. ತೆಗೆಯಿರಿ ಎನ್ನುವ ಮುಖ ನನಗೂ ಇರಲಿಲ್ಲ. ಅದಾದ ಮೇಲೆ ಎರಡು ಸಲ ಹೋದೆ. ಎರಡನೆಯ ಸಲ ಹೋದಾಗ ಅವರು ಮನೆ ಬಿಟ್ಟಿದ್ದರು, ಎಲ್ಲಿಗೆಂದು ಅಕ್ಕಪಕ್ಕದವರಿಗೂ ತಿಳಿದಿರಲಿಲ್ಲ. ಮೇಲ್ ವಿಭಾಗ ಉಳಿಯಿತು. ಅವಳ ಜಾಗಕ್ಕೆ ಬೇರೆಯವರು ಬಂದರು. ವರ್ಷ ತುಂಬಿದಾಗ ಯಜಮಾನರು ನನ್ನ ಕರಾರನ್ನು ಮುಂದುವರಿಸಲಿಲ್ಲ. ನಾನೂ ಕೇಳಲಿಲ್ಲ. ಗೇಟ್‌ವೇಯ ಪಾಸ್‌ವರ್ಡನ್ನು ಹೊಸಬನಿಗೆ ಒಪ್ಪಿಸಿ, ಕೈಪಿಡಿಯ ಆ ಪುಟವನ್ನು ಅವನಿಗೆ ತೋರಿಸಿ ಬಂದೆ.

ಈಗ ಬಸವನಗುಡಿಯಲ್ಲಿ ನನ್ನದೊಂದು ಕೋಣೆಯ ಅಂಗಡಿಯಿದೆ. ಕೆಲಸಕ್ಕೆ ಇಬ್ಬರಿದ್ದಾರೆ. ಒಂಬತ್ತು ಕಚೇರಿಗಳ ಮೇಲ್ ನೋಡಿಕೊಳ್ಳುತ್ತೇನೆ. ಒಂದು ಸ್ಕೂಟರಿದೆ. ಆ ವಿಭಾಗದ ಐವರಲ್ಲಿ ನಾಲ್ವರ ಮುಂದೆ ನಿಂತು ತಪ್ಪು ಒಪ್ಪಿಕೊಂಡಿದ್ದೇನೆ. ಇನ್ನೊಬ್ಬಳು ಸಿಕ್ಕಿಲ್ಲ.